ಇಪ್ಪತ್ಮೂರನೆಯ ವಾರ

ನಾನು ಒಂದೇ ದಿನದಲ್ಲಿ ಹುಟ್ಟಿದ ಪುಸ್ತಕವಲ್ಲ. ನಲವತ್ತೊಂದು ವಾರ ತೆಗೆದುಕೊಂಡು, ತುಂಡು ತುಂಡಾಗಿ ಹುಟ್ಟಿದೆ. ಅಂಗಡಿಗಳಲ್ಲಿ ಬಣ್ಣದ ಹೊದಿಕೆ ಹೊದ್ದು ಕೂತಿರುವ ನನ್ನ ದಾಯಾದಿಗಳಿದ್ದಾರೆ. ಅವರ ಹೆಸರೂ ‘ದೀಪವಿಲ್ಲದ ಮಹಡಿ’, ನನ್ನ ಹೆಸರೂ ಅದೇ. ಅವರು ಅಚ್ಚುಮನೆಯ ಮಕ್ಕಳು. ನಾನು ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನ ಹೆಂಗಸರ ಕೂಸು. ಅವರಲ್ಲಿ ತಪ್ಪಿಲ್ಲ, ನನ್ನಲ್ಲಿ ಒಂದು ತಪ್ಪಿದೆ ಎಂದು ಮೂವತ್ತೈದು ವರ್ಷ ಜನ ಹೇಳಿದರು. ಆ ತಪ್ಪಿನ ಕಥೆಯನ್ನೇ ಹೇಳಬೇಕೆಂದಿದ್ದೇನೆ.

ಕಾದಂಬರಿ ಏನೆಂದು ಮೊದಲು ಹೇಳಿಬಿಡುತ್ತೇನೆ. ಮಾಲಿನಿ ಎಂಬ ತಬ್ಬಲಿ ಹುಡುಗಿ ಕಡಲ ದಂಡೆಯ ಒಂದು ದೊಡ್ಡ ಮನೆಗೆ ಎರಡನೆಯ ಹೆಂಡತಿಯಾಗಿ ಬರುತ್ತಾಳೆ. ಗಂಡ ವಿಕ್ರಮರಾಯ ಹೆಚ್ಚು ಮಾತಾಡುವವನಲ್ಲ. ಮಹಡಿಯ ಮೇಲೆ ದೀಪ ಹಚ್ಚಕೂಡದು ಎಂಬುದು ಆ ಮನೆಯ ಕಟ್ಟಳೆ. ಮೊದಲ ಹೆಂಡತಿ ಹೇಗೆ ಸತ್ತಳೆಂದು ಯಾರೂ ಬಾಯಿ ಬಿಡುವುದಿಲ್ಲ. ದಿನವೂ ಮಾಲಿನಿಗೆ ಕೊಡುವ ಹಾಲು ದಿನದಿಂದ ದಿನಕ್ಕೆ ಕಹಿಯಾಗುತ್ತದೆ. ಕೊಡುವವನು ಗಂಡನೇ. ಅವಳು ಅವನನ್ನು ಪ್ರೀತಿಸುತ್ತಾಳೆ, ಅವನಿಗೇ ಹೆದರುತ್ತಾಳೆ. ಕೊನೆಗೆ ಹಾಲಿಗೆ ವಿಷ ಬೆರೆಸುತ್ತಿದ್ದವಳು ಅವನ ಸೋದರತ್ತೆ ಎಂದು ತಿಳಿದು, ಗಂಡ ಚಿನ್ನದಂಥವನೆಂದು ಗೊತ್ತಾಗಿ, ನಲವತ್ತೊಂದನೆಯ ವಾರ ಮಹಡಿಯಲ್ಲಿ ದೀಪ ಹಚ್ಚುತ್ತಾರೆ.

ಇಷ್ಟೇ. ಇದಕ್ಕೆ ಹೆಂಗಸರು ಊಟ ಬಿಟ್ಟು ಕಾಯುತ್ತಿದ್ದರು. ನಮ್ಮ ಸಾಲಿನಲ್ಲಿ ಹನ್ನೊಂದು ಮನೆ, ವಾರಪತ್ರಿಕೆ ಒಂದೇ. ಮೊದಲನೆಯ ಮನೆಗೆ ಬಂದದ್ದು ದಿನಕ್ಕೊಂದು ಮನೆಯಂತೆ ದಾಟುತ್ತ ಹನ್ನೊಂದನೆಯ ದಿನ ಕೊನೆಯ ಮನೆಗೆ ಸೇರುತ್ತಿತ್ತು. ಎಣ್ಣೆ ಕೈ, ಅರಿಸಿನ ಕೈ, ಚಹಾದ ಬಟ್ಟಲು ಎಲ್ಲವನ್ನೂ ಉಂಡು ಬಂದ ಹಾಳೆಗಳು. ತಡವಾಗಿ ಓದುವುದಕ್ಕೆ ಪರಿಹಾರವೆಂದು ಹಾಳೆಗಳನ್ನು ಇಟ್ಟುಕೊಳ್ಳುವ ಹಕ್ಕು ಕೊನೆಯ ಮನೆಗೆ. ಅದು ಗಾರ್ಡ್ ಭೀಮರಾಯರ ಮನೆ. ಅವರ ಮಗಳು ಅಂಬುಜಾಳಿಗೆ ಆಗ ಹದಿನೇಳು. ಮ್ಯಾಟ್ರಿಕ್ ಮುಗಿಸಿ, ವರ ಬರಲಿ ಎಂದು ಕಾಯುತ್ತ ಕೂತಿದ್ದ ಹುಡುಗಿ. ನನ್ನನ್ನು ಹರಿದು, ಅಂಚು ಕತ್ತರಿಸಿ, ಹಳೆಯ ಸಕ್ಕರೆ ಡಬ್ಬಿಯಲ್ಲಿ ಜೋಡಿಸಿಡುತ್ತಿದ್ದವಳು ಅವಳೇ. ಎಲ್ಲ ವಾರ ಸೇರಿದ ಮೇಲೆ ಬೈಂಡ್ ಮಾಡಿಸುವುದು ಅವಳ ಕನಸು.

ಆ ಸಾಲಿಗೆ ಇನ್ನೊಂದು ಕಟ್ಟಳೆಯಿತ್ತು, ಹೆಂಗಸರೇ ಮಾಡಿಕೊಂಡದ್ದು. ಯಾರ ಮನೆಯಲ್ಲಿ ಹಾಳೆ ಹರಿಯಿತೋ, ಅವರು ಆ ಹಾಳೆಯ ಕಥೆಯನ್ನು ಬಾಯಲ್ಲಿ ಹೇಳಿ ತುಂಬಿಕೊಡಬೇಕು. ಮಕ್ಕಳು ಹರಿದ ಒಂದೆರಡು ಅಂಗುಲ ಹೀಗೆ ತುಂಬಿದ್ದುಂಟು. ಆದರೆ ಇಪ್ಪತ್ಮೂರನೆಯ ವಾರ ನನ್ನ ಹಾಳೆ ಪೂರ್ತಿಯಾಗಿ ಮಾಯವಾಯಿತು. ಮಾಲಿನಿ ಮೊಂಬತ್ತಿ ಹಿಡಿದು ಮೆಟ್ಟಿಲ ಬುಡದಲ್ಲಿ ನಿಂತಲ್ಲಿಗೆ ಹಿಂದಿನ ವಾರ ಮುಗಿದಿತ್ತು. ಅಂಬುಜಾಳ ಜೀವ ಹೇಗಾಗಿರಬೇಡ. ನೋಟ್‌ಬುಕ್ಕು, ಮಸಿ ಪೆನ್ನು ಹಿಡಿದು ಹೊರಟೇಬಿಟ್ಟಳು. ಹತ್ತನೆಯ ಮನೆ, ಒಂಬತ್ತನೆಯ ಮನೆ, ಎಂಟನೆಯ ಮನೆ ಮೂರೂ ಕಡೆ ಅದೇ ಮಾತು, ನಮಗೆ ಬರುವಾಗಲೇ ಇರಲಿಲ್ಲ. ಮುಂದಿನದು ಏಳನೆಯ ಮನೆ, ಹಾಳೆ ಕಳೆದದ್ದು ಅಲ್ಲೇ.

ಏಳನೆಯ ಮನೆ ಫಿಟರ್ ಪರಶುರಾಮನದು. ಹೆಂಡತಿ ಶೇವಂತಾಬಾಯಿಗೆ ಇಪ್ಪತ್ತೆರಡು ಇದ್ದೀತು. ಒಂಬತ್ತು ತಿಂಗಳ ಹೆಣ್ಣುಕೂಸು. ಕೂಸು ಹುಟ್ಟಿದ ಮೇಲೆ ಹಳ್ಳಿಯಿಂದ ಅತ್ತೆ ಬಂದು ಕೂತಿದ್ದಳು. ಶೇವಂತಾಬಾಯಿ ನಲ್ಲಿಗೆ ಬರುವುದು ನಿಂತಿತ್ತು. ಬಾಗಿಲಲ್ಲಿ ನಿಂತು ಮಾತಾಡುವುದೂ ನಿಂತಿತ್ತು. ಆ ಮನೆಯೊಳಗೆ ಹೋಗಿ ಬರುತ್ತಿದ್ದದ್ದು ಆ ಪತ್ರಿಕೆ ಒಂದೇ. ಅವಳ ಮುಂಗೈಯ ಸುಟ್ಟ ಬೊಬ್ಬೆಗಳನ್ನು ಅದು ಕಂಡಿತ್ತು. ಕಂಡು ಮಾಡುವುದೇನು, ನಮಗೆ ಬಾಯಿ ಎಲ್ಲಿದೆ.

ಅಂಬುಜಾ ಹೋದದ್ದು ಮಧ್ಯಾಹ್ನ. ವರ್ಕ್‌ಶಾಪಿನ ಒಂದು ಗಂಟೆಯ ಭೋಂಗಾ ಆಗಷ್ಟೇ ಕೂಗಿತ್ತು. ಅತ್ತೆ ಹೊಸ್ತಿಲ ಮೇಲೆ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಶೇವಂತಾಬಾಯಿ ಒಳಗೆ ತೊಟ್ಟಿಲು ತೂಗುತ್ತಿದ್ದಳು. ಡಬ್ಬಿಯಲ್ಲಿದ್ದ ಹಾಳೆಗಳಷ್ಟೇ ಅಲ್ಲ, ಅಂಬುಜಾಳ ಕೈಯ ಆ ನೋಟ್‌ಬುಕ್ಕಿನ ಹಾಳೆಗಳೂ ಮುಂದೆ ನಾನೇ ಆದ್ದರಿಂದ, ಅಲ್ಲಿ ನಡೆದದ್ದನ್ನೆಲ್ಲ ನಾನು ಕೇಳಿದ್ದೇನೆ.

“ಹಾಳಿ ಕೂಸು ಹರದು ಹಾಕ್ತವಾ. ಸಿಗೂದಿಲ್ಲ,” ಎಂದಳು ಶೇವಂತಾಬಾಯಿ. “ಕುಂದರು, ಹೇಳ್ತೀನಿ. ಬರಕೋ.”

ಅಂಬುಜಾ ಗೋಡೆಗೆ ಒರಗಿ ಕೂತಳು.

“ಮಾಲಿನಿ ಆ ವಾರ ಮಹಡಿ ಹತ್ತೂದಿಲ್ಲ. ಅಡಿಗಿಮನ್ಯಾಗ ಇರ್ತಾಳ. ಸ್ಟೋವಿಗೆ ಅಕಿ ಅರ್ಧ ಎಣ್ಣಿ ಹಾಕಿ ಇಟ್ಟಿರ್ತಾಳ. ಮುಂಜಾನೆ ಎದ್ದು ನೋಡಿದ್ರ ತುಂಬಿ ತುಳಕಿರ್ತೈತಿ. ಸುತ್ತಲಿನ ನೆಲಾ ಎಲ್ಲಾ ಹಸಿ. ಯಾರು ಹಾಕಿದ್ರು ಅಂತ ಕೇಳಿದ್ರ ಮನ್ಯಾಗಿನವ್ರು ನಗತಾರ.”

“ಅಯ್ಯ ಶಿವನ, ಮುಂದ?” ಎಂದಳು ಹೊಸ್ತಿಲ ಮೇಲಿನ ಅತ್ತೆ. ಅವಳಿಗೆ ಓದು ಬಾರದು, ಕಥೆಯೆಂದರೆ ಕಿವಿ ನೆಟ್ಟಗಾಗುತ್ತಿತ್ತು.

“ಅಕೀಗೆ ಒಬ್ಬಾಂವ ಅಣ್ಣ ಇರ್ತಾನ. ಘಟ್ಟಾ ಇಳಿಯೂಕಿಂತ ಮುಂಚೆ ಗಾಡಿಗೆ ಇನ್ನೊಂದು ಎಂಜಿನ್ ಕಟ್ತಾರಲ್ಲ, ಆ ಊರಾಗ. ಅಕಿ ಅಣ್ಣಗ ಪತ್ರಾ ಬರೀತಾಳ. ಟಪಾಲಿಗೆ ಹಾಕವ್ರು ಯಾರೂ ಇಲ್ಲ. ‘ಅಣ್ಣಾ, ಬಾ. ನನ್ನೂ ಕೂಸನ್ನೂ ಕರಕೊಂಡು ಹೋಗು. ನಾಗರಪಂಚಮಿ ತನಕಾ ತಡೀಬ್ಯಾಡ’ ಅಂತ.”

ಅಂಬುಜಾ ಪೆನ್ನು ನಿಲ್ಲಿಸಿದಳು. “ಶೇವಂತಕ್ಕಾ, ಮಾಲಿನಿಗೆ ಅಣ್ಣ ಎಲ್ಲಿದ್ದಾನ? ಕೂಸರ ಎಲ್ಲದ?”

“ಈ ವಾರ ಅದಾರ. ಬರಕೋ. ಆ ಕೂಸಿಗೆ ಎಡಗಾಲಿಗೆ ಆರು ಬೆರಳು ಅದಾವ. ಅದಕ್ಕ ಅದು ಅಪ್ಪಗ ಆಗಿಬರೂದಿಲ್ಲ ಅಂತ ಹೇಳ್ತಾರ.”

ಮೊರದಲ್ಲಿ ಆಡುತ್ತಿದ್ದ ಅತ್ತೆಯ ಕೈ ನಿಂತಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಆಡತೊಡಗಿತು. ಅಂಬುಜಾ ತೊಟ್ಟಿಲಿನಿಂದ ಹೊರಗೆ ಚಾಚಿದ್ದ ಪುಟ್ಟ ಎಡಗಾಲನ್ನು ನೋಡಿದಳು. ಅದಕ್ಕೆ ಆರು ಬೆರಳಿದ್ದವು. ಪಾಪ, ಹಾಳೆ ಕಳೆದು ಕಥೆ ಮರೆತಿದ್ದಾಳೆ, ಬಾಯಿಗೆ ಬಂದದ್ದು ಸೇರಿಸಿ ತನ್ನ ಕೂಸನ್ನೂ ಕಥೆಗೆ ತಂದಿದ್ದಾಳೆ ಎಂದುಕೊಂಡು ನಕ್ಕಳು.

“ಬರಕೊಂಡಿ? ಓದು ನೋಡೋಣು,” ಎಂದಳು ಶೇವಂತಾಬಾಯಿ. ಅಂಬುಜಾ ಓದಿದಳು. “ನಿಮ್ಮಪ್ಪಗೂ ಓದಿ ತೋರಸು. ಮರೀಬ್ಯಾಡ.”

“ನಮ್ಮಪ್ಪ ಕಾದಂಬರಿ ಎಲ್ಲಿ ಓದ್ತಾನ,” ಎಂದು ಅಂಬುಜಾ ಎದ್ದಳು.

ಅಂಬುಜಾಳ ಅಪ್ಪ ಭೀಮರಾಯರು ಘಟ್ಟದ ಗಾಡಿಯ ಗಾರ್ಡ್. ಅವರ ಗಾಡಿ ಕ್ಯಾಸಲ್‌ರಾಕ್‌ನಲ್ಲಿ ನಿಲ್ಲುತ್ತಿತ್ತು, ಇನ್ನೊಂದು ಎಂಜಿನ್ ಕಟ್ಟಿಸಿಕೊಳ್ಳುತ್ತಿತ್ತು. ಶೇವಂತಾಬಾಯಿ ಹಾಳೆಯನ್ನು ಬೇಕೆಂದೇ ಬಚ್ಚಿಟ್ಟಳು. ಹುಡುಕಿಕೊಂಡು ಬರುವವಳು ಗಾರ್ಡಿನ ಮಗಳೇ ಎಂದು ಅವಳಿಗೆ ಗೊತ್ತಿತ್ತು. ಹಿಂಬಾಗಿಲಿಲ್ಲದ ಮನೆಯಿಂದ ಒಂದು ಮಾತನ್ನು ಹೊರಗೆ ಕಳಿಸಲು ಅವಳಿಗೆ ಸಿಕ್ಕ ದಾರಿ ಅದೊಂದೇ. ನನ್ನಲ್ಲಿ ತುಂಬಿದ್ದು ಕಥೆಯಲ್ಲ, ಅಣ್ಣನಿಗೆ ಮುಟ್ಟಬೇಕಾದ ಪತ್ರ. ಅದು ಮುಟ್ಟುವುದೋ ಇಲ್ಲವೋ ಎಂಬುದರ ಮೇಲೆ ಅವಳ ಜೀವ ನಿಂತಿತ್ತು.

ಅಂಬುಜಾ ಮನೆಗೆ ಬಂದು ಏನು ಮಾಡಿದಳು ಗೊತ್ತೇ? ಅದನ್ನು ಚಂದ ಮಾಡಿ ಬರೆದಳು. ಹೊಸ ನಿಬ್ಬು ಹಾಕಿ, ನಾಲ್ಕು ಹಾಳೆಯಲ್ಲಿ, ದುಂಡಗೆ. ‘ಮಾಲಿನಿಯ ಕಮಲನಯನಗಳಲ್ಲಿ ಕಂಬನಿ ತುಳುಕಿತು’ ಎಂದು ಸೇರಿಸಿದಳು. ‘ಬೀಸುವ ಬಿರುಗಾಳಿಗೆ ಕಿಟಕಿಯ ಕದಗಳು ಗೋಳಿಟ್ಟವು’ ಎಂದು ಸೇರಿಸಿದಳು. ಸ್ಟೋವಿನ ಎಣ್ಣೆ, ಅಣ್ಣನ ಊರು, ಆರು ಬೆರಳು ಒಂದನ್ನೂ ಬಿಡಲಿಲ್ಲ, ಎಲ್ಲದಕ್ಕೂ ಬೆಳ್ಳಿ ಕಟ್ಟು ಹಾಕಿದಳು. ಮಸಿ ಆರಿದ ಮೇಲೆ ನನ್ನನ್ನು ಸಕ್ಕರೆ ಡಬ್ಬಿಗೆ ಹಾಕಿ ಮುಚ್ಚಿದಳು. ಭೀಮರಾಯರು ಆ ವಾರ ಮೂರು ಸಲ ಕ್ಯಾಸಲ್‌ರಾಕ್‌ಗೆ ಹೋಗಿ ಬಂದರು. ಮೂರು ಸಲವೂ ನಾನು ಡಬ್ಬಿಯಲ್ಲಿದ್ದೆ.

ನಾನು ಡಬ್ಬಿಗೆ ಸೇರಿದ ಒಂಬತ್ತನೆಯ ದಿನ ಬೆಳಿಗ್ಗೆ ಏಳನೆಯ ಮನೆಯಲ್ಲಿ ಹೊಗೆ ಬಂತು. ಸ್ಟೋವ್ ಸಿಡಿಯಿತೆಂದರು. ಕೂಸು ಅಜ್ಜಿಯ ತೊಡೆಯ ಮೇಲೆ ಹೊರಗಿತ್ತು. ಪೊಲೀಸರು ಬಂದಾಗ ಅತ್ತೆ ಹೇಳಿದ್ದನ್ನು ಇಡೀ ಸಾಲು ಕೇಳಿತು. “ಕಥಿ ಓದೂ ಹುಚ್ಚುರಿ ಅಕೀಗೆ. ಓದ್ಕೋತ ಓದ್ಕೋತ ಸ್ಟೋವ್ ಮರತಳು. ಕೂಸಿನ ಕಬರೂ ಇರಲಿಲ್ಲ.” ಅವರು ಹಾಗೆಯೇ ಬರೆದುಕೊಂಡರು. ಕೊಂದದ್ದು ನಾನೆಂದಾಯಿತು. ಆ ಮಾತು ನನ್ನನ್ನು ಇವತ್ತಿಗೂ ಸುಡುತ್ತದೆ. ಶೇವಂತಾಬಾಯಿಯ ಕಥೆಯನ್ನು ಸರಿಯಾಗಿ ಅರ್ಥಮಾಡಿಕೊಂಡವಳು ಆ ಅತ್ತೆಯೊಬ್ಬಳೇ, ಅದೂ ಓದು ಬಾರದವಳು. ಅಂದು ಮೊರದಲ್ಲಿ ನಿಂತ ಆ ಕೈಯನ್ನು ನಾನು ಮರೆತಿಲ್ಲ.

ಗಂಡಸರು ಸೇರಿ, ಇನ್ನು ಸಾಲಿನಲ್ಲಿ ಪತ್ರಿಕೆ ತಿರುಗಕೂಡದೆಂದು ಅಪ್ಪಣೆ ಮಾಡಿದರು. ತಿರುಗಲಿಲ್ಲ, ಹನ್ನೆರಡು ದಿನ. ಹದಿಮೂರನೆಯ ದಿನ ಎರಡನೆಯ ಮನೆಯ ಸೀತವ್ವ ಸೆರಗಿನೊಳಗೆ ಇಟ್ಟುಕೊಂಡು ಮೂರನೆಯ ಮನೆಗೆ ದಾಟಿಸಿದಳು. ಏಳನೆಯ ಮನೆಯನ್ನು ಬಿಟ್ಟು ಹತ್ತು ಮನೆ. ಹೆಂಗಸರನ್ನು ಬೈಯಲಾರೆ. ತಮ್ಮ ಗೋಡೆಯ ಆಚೆ ಏನಾಯಿತೆಂದು ಅವರಿಗೆ ಒಳಗೊಳಗೇ ಗೊತ್ತಿತ್ತು. ಅದನ್ನು ಬಾಯಿಬಿಟ್ಟು ಆಡುವಂತಿರಲಿಲ್ಲ. ಮಾಲಿನಿಯ ಹಾಲು ಕಹಿಯಾದದ್ದನ್ನಾದರೆ ನಲ್ಲಿಯ ಹತ್ತಿರ ನಿಂತು ಎಷ್ಟು ಬೇಕಾದರೂ ಆಡಬಹುದಿತ್ತು.

ಶೇವಂತಾಬಾಯಿಯ ಅಣ್ಣ ತಂತಿ ಮುಟ್ಟಿ ಬೆಂಕಿಯ ಮರುದಿನವೇ ಬಂದಿದ್ದ. ಅತ್ತು, ಜಗಳಾಡಿ, ತಂಗಿಯ ತಗಡಿನ ಪೆಟ್ಟಿಗೆಯನ್ನೂ ಕೂಸನ್ನೂ ಎತ್ತಿಕೊಂಡು ಅಂದೇ ಹೋದ. ಹೆಣ್ಣುಕೂಸನ್ನು ಯಾರೂ ತಡೆಯಲಿಲ್ಲ. ಅಂದು ರಾತ್ರಿ ಊಟಕ್ಕೆ ಕೂತಾಗ ಭೀಮರಾಯರು ಸಹಜವಾಗಿ ಹೇಳಿದರು, “ಪಾಪ, ಆ ಹುಡುಗಿ ಅಣ್ಣ ಕ್ಯಾಸಲ್‌ರಾಕ್‌ನಾಗ ಪಾಯಿಂಟ್ಸ್‌ಮನ್ ಅಂತ. ನನ್ನ ಗಾಡಿ ಹೋದಾಗೆಲ್ಲಾ ಝಂಡಾ ತೋರಸಾಂವ ಅವನ.”

ಬಡಿಸುತ್ತಿದ್ದ ಅಂಬುಜಾ ಸೌಟು ಇಟ್ಟು ಡಬ್ಬಿ ತೆಗೆದಳು. ನಾಲ್ಕೂ ಹಾಳೆ ಓದಿದಳು. ಸೀತವ್ವನ ಮನೆಗೆ ಓಡಿಹೋಗಿ, ಇಪ್ಪತ್ಮೂರನೆಯ ವಾರ ಮಾಲಿನಿಗೆ ಕೂಸಿತ್ತೇ ಎಂದು ಕೇಳಿದಳು. “ಕೂಸು ಎಲ್ಲೀದ? ಅಕಿ ಮಹಡಿ ಹತ್ತಿ ಹೋಗ್ತಾಳ, ಗಂಡ ಕುಂತು ಅಳ್ತಿರ್ತಾನ,” ಎಂದಳು ಸೀತವ್ವ. ಅಂಬುಜಾ ಮನೆಗೆ ಬಂದು ಹಾಳೆಗಳನ್ನು ಅಪ್ಪನ ಕೈಗೆ ಕೊಟ್ಟಳು. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ನಾಲ್ಕೂ ಹಾಳೆ ಜೋಡಿಸಿ ಮಗಳ ಕೈಗೆ ಹಿಂದಕ್ಕೆ ಕೊಟ್ಟರು.

“ಪೊಲೀಸರು ಬರಕೊಂಡು ಹೋಗ್ಯಾರ,” ಎಂದರು. “ಇದು ನಿನ್ನ ಅಕ್ಷರ, ಕಾದಂಬರಿ ಹಾಳಿ. ಯಾರು ನಂಬ್ತಾರ? ನಿನ್ನ ಮದಿವಿ ಆಗಬೇಕಾಗೇದ. ಇಡು ಒಳಗ.”

ಅವರು ಕೆಟ್ಟವರಲ್ಲ. ಆಮೇಲೂ ಕ್ಯಾಸಲ್‌ರಾಕ್‌ನಲ್ಲಿ ಆ ಅಣ್ಣ ಝಂಡಾ ತೋರಿಸಿದ್ದಾನೆ, ಇವರೂ ತೋರಿಸಿದ್ದಾರೆ. ಹೇಗೆ ತೋರಿಸಿದರೋ ನನಗೆ ತಿಳಿಯದು. ಮೂರು ತಿಂಗಳಲ್ಲಿ ಬೇರೆ ಗಾಡಿಗೆ ಬದಲಿ ಕೇಳಿಕೊಂಡರು.

ನಲವತ್ತೊಂದನೆಯ ವಾರ ಮುಗಿದ ಮೇಲೆ ಬೈಂಡರ್ ಹುಸೇನಸಾಬ್ ನನ್ನನ್ನು ಹೊಲಿದ. ಹುಳ ಹಿಡಿಯದಂತೆ ಮೈದಾ ಅಂಟಿಗೆ ಮೈಲುತುತ್ತ ಬೆರೆಸಿ ಕೆಂಪು ಬಟ್ಟೆಯ ಬೆನ್ನು ಹಚ್ಚಿದ. “ನಡುವಿನ ಕೈಬರಹ ತಗೀಲೇನವಾ? ಅಚ್ಚಿನ ಪುಸ್ತಕ ಬಂದಮ್ಯಾಲೆ ಅದರಾಗಿಂದ ಹಚ್ಚಬಹುದು,” ಎಂದು ಕೇಳಿದ. ಬೇಡವೆಂದಳು ಅಂಬುಜಾ. ಕೈಬರಹದ ಕೊನೆಯ ಸಾಲಿನ ಕೆಳಗೆ ಅವಳು ಒಂದು ಸಾಲು ಬರೆದಿದ್ದಳು, ‘ಹೇಳಿದವರು: ಏಳನೆಯ ಮನೆ ಶೇವಂತಾಬಾಯಿ,’ ಮತ್ತು ಹೇಳಿದ ದಿನದ ತಾರೀಖು. ಅವಳು ಮಾಡಿದ ಧೈರ್ಯ ಅಷ್ಟು. ಅದಕ್ಕೆ ಅವಳನ್ನು ಮೆಚ್ಚಬೇಕೋ ಬೈಯಬೇಕೋ ಇಂದಿಗೂ ನನಗೆ ಗೊತ್ತಾಗಿಲ್ಲ.

ಮದುವೆಯಾದ ಅವಳ ಜೊತೆ ನಾನೂ ಬಾಗಲಕೋಟೆಗೆ ಹೋದೆ, ಸೀರೆಗಳ ಕೆಳಗೆ. ಹದಿನೈದು ವರ್ಷ ಕತ್ತಲೆ. ಕ್ಯಾಸಲ್‌ರಾಕ್‌ಗೆ ನಾಳೆ ಬರೆಯುತ್ತೇನೆ, ಹಬ್ಬ ಮುಗಿಯಲಿ, ಬಾಣಂತನ ಮುಗಿಯಲಿ ಎಂದು ಅವಳು ಎಷ್ಟು ಸಲ ನನ್ನನ್ನು ತೆಗೆದಳೋ. ಕೊನೆಗೆ ಹುಬ್ಬಳ್ಳಿಗೆ ಹಿಂದಿರುಗಿದಾಗ ಒಂದು ಮಹಿಳಾ ಮಂಡಳದ ವಾಚನಾಲಯಕ್ಕೆ ಕೊಟ್ಟಳು. ಅದನ್ನು ನೋಡಿಕೊಳ್ಳುತ್ತಿದ್ದ ಹಂಚಿನಾಳ ಬಾಯಿಗೆ ಒಂದೇ ಮಾತು ಹೇಳಿದಳು, “ಓದಿದವರು ಯಾರರೆ ಏನರೆ ಕೇಳಿದ್ರ ನನಗ ತಿಳಸ್ರಿ.”

ಓದಿದವರಿಗೇನು ಬರವಿರಲಿಲ್ಲ. ಮೂವತ್ತೈದು ವರ್ಷ ನಾನು ಕಪಾಟಿನಲ್ಲಿ ಒಂದು ವಾರ ಪೂರ್ತಿ ನಿಂತವನಲ್ಲ. ಟೀವಿ ಬಂತು, ಮೊಬೈಲು ಬಂತು, ಹೆಂಗಸರು ಮಾತ್ರ ಬಂದು ಅದೇ ಕಥೆ ಒಯ್ಯುತ್ತಿದ್ದರು. ತಾಯಿ ಓದಿದ್ದನ್ನು ಮಗಳು, ಮಗಳು ಓದಿದ್ದನ್ನು ಸೊಸೆ. ಏನಿದೆ ಈ ಹಳೆಯ ಕಥೆಯಲ್ಲಿ ಎಂದು ಗಂಡಂದಿರು ಕೇಳುತ್ತಾರೆ. ನಾನು ಅವರ ಮಡಿಲಿನಲ್ಲಿ ಕೂತು ನೋಡಿದ್ದೇನೆ. ಹೊಸ ಮನೆಗೆ ಬಂದವಳಿಗೆ ಆ ಮನೆಯ ಯಾವ ಬಾಗಿಲ ಹಿಂದೆ ಏನಿದೆ ಎಂದು ಗೊತ್ತಿರುವುದಿಲ್ಲ, ಕೇಳುವಂತೆಯೂ ಇರುವುದಿಲ್ಲ. ಆ ಹೆದರಿಕೆಗೆ ನಾನು ಒಂದು ಮಹಡಿ ಕಟ್ಟಿಕೊಟ್ಟೆ. ಕೊನೆಯ ಪುಟ ಮೊದಲು ತೆರೆದು, ಗಂಡ ಒಳ್ಳೆಯವನೇ ಎಂದು ಖಾತ್ರಿ ಮಾಡಿಕೊಂಡು, ಆಮೇಲೆ ಮೊದಲಿಂದ ಹೆದರಲು ಕೂರುವವರು ಎಷ್ಟೋ ಮಂದಿ. ಹಾಗೆ ಮೊದಲೇ ನೋಡುವ ಸೌಲಭ್ಯ ಅವರಿಗೆ ಬೇರೆಲ್ಲೂ ಇರಲಿಲ್ಲ.

ಎಲ್ಲರೂ ನಡುವಿನ ನಾಲ್ಕು ಹಾಳೆಗೆ ಬಂದು ಎಡವುತ್ತಿದ್ದರು. “ಈ ಕೂಸು ಎಲ್ಲಿಂದ ಬಂತ್ರಿ?” ಎಂದು ನಗುತ್ತಿದ್ದರು. ಒಬ್ಬಳು ಅಂಚಿನಲ್ಲಿ ಪೆನ್ಸಿಲಿನಿಂದ ‘ಲೇಖಕರು ನಿದ್ದೆಗಣ್ಣಿನಲ್ಲಿ ಬರೆದಿದ್ದಾರೆ’ ಎಂದು ಗೀಚಿದಳು. ನನಗೆ ‘ಕೂಸಿನ ಪುಸ್ತಕ’ ಎಂದೇ ಹೆಸರು ಬಿತ್ತು. ಅಂಬುಜಾ ವರ್ಷಕ್ಕೊಮ್ಮೆ ಬಂದು, ಯಾರಾದರೂ ಏನಾದರೂ ಕೇಳಿದರೇ ಎಂದು ವಿಚಾರಿಸುತ್ತಿದ್ದಳು. “ನಗ್ತಾರಷ್ಟರಿ,” ಎನ್ನುತ್ತಿದ್ದಳು ಹಂಚಿನಾಳ ಬಾಯಿ. ಒಂದು ವರ್ಷ ಅಂಬುಜಾ ಬರಲಿಲ್ಲ. ಆಮೇಲೆ ಬರಲೇ ಇಲ್ಲ.

ನನ್ನ ಬೆನ್ನಿನ ಕೆಂಪು ಬಟ್ಟೆ ಕಂದಿ ಇಟ್ಟಿಗೆ ಬಣ್ಣಕ್ಕೆ ಬಂದ ಕಾಲಕ್ಕೆ ಒಬ್ಬಳು ಬಂದಳು. ಐವತ್ತು ದಾಟಿದವಳು, ಹೊಲಿಗೆ ಕಲಿಸುವ ಟೀಚರಂತೆ, ಹೆಸರು ಗೋದಾವರಿ. ಎಡಗಾಲಿಗೆ ಅಗಲವಾದ, ಹೇಳಿ ಮಾಡಿಸಿದ ಚಪ್ಪಲಿ.

“ಈ ಕಾದಂಬರಿ ನಾ ಹದಿನೈದು ಸಲ ಓದೇನ್ರಿ,” ಎಂದಳು. “ಇದರಾಗ ಕೂಸಿಂದು ಒಂದು ಪ್ರತಿ ಐತಿ ಅಂತ ನಮ್ಮ ಸಾಲ್ಯಾಗ ಯಾರೋ ಅಂದ್ರು. ನೋಡೋಣ ಅಂತ ಬಂದೆ.”

“ಹದಿನೈದು ಸಲ? ಅಷ್ಟು ಸೇರತೈತೇನು?” ಎಂದು ನಕ್ಕಳು ಹಂಚಿನಾಳ ಬಾಯಿ.

“ಸೇರೂದಿಲ್ರಿ.” ಗೋದಾವರಿ ನಗಲಿಲ್ಲ. “ನಮ್ಮವ್ವ ಇದನ್ನ ಓದ್ಕೋತ ಸುಟಗೊಂಡು ಸತ್ಲಂತ. ಒಂಬತ್ತು ತಿಂಗಳ ಕೂಸು ನಾನು, ನನ್ನ ಕಬರೂ ಇರಲಿಲ್ಲಂತ ಅಕೀಗೆ. ನನಗಿಂತಾ ಹೆಚ್ಚಿಂದು ಇದರಾಗ ಏನೈತಿ ಅಂತ ಹುಡಕ್ತೀನ್ರಿ. ಇನ್ನೂ ಸಿಕ್ಕಿಲ್ಲ.”

ನನ್ನ ಹಾಳೆಗಳಿಗೆ ಕೈ ಇದ್ದಿದ್ದರೆ ತಾವೇ ತಿರುವಿಕೊಳ್ಳುತ್ತಿದ್ದವು. ಅವಳು ನನ್ನನ್ನು ಕಿಟಕಿಯ ಪಕ್ಕ ಒಯ್ದು ಕೂತಳು. ಸಂಜೆ ನಾಲ್ಕರ ಬಿಸಿಲಿತ್ತು. ಮೊದಲ ಪುಟಗಳನ್ನು ಸರಸರ ದಾಟಿಸಿದಳು. ನೀಲಿ ಮಸಿ ಬಂದಲ್ಲಿ ನಿಧಾನಿಸಿದಳು. ಅಂಬುಜಾಳ ಕಮಲನಯನ, ಬಿರುಗಾಳಿ ದಾಟಿದಳು. ಸ್ಟೋವಿನ ಎಣ್ಣೆ. ಎಂಜಿನ್ ಕಟ್ಟುವ ಊರು. ಅಲ್ಲಿ ಅವಳ ಬೆರಳು ನಿಂತಿತು. ಆ ಊರಿನಲ್ಲೇ ಬೆಳೆದವಳು ಅವಳು. ‘ನನ್ನನ್ನೂ ಕೂಸನ್ನೂ ಕರೆದುಕೊಂಡು ಹೋಗು.’ ಆರು ಬೆರಳು. ಕೊನೆಯ ಸಾಲು ಓದಿದಳು, ಅವ್ವನ ಹೆಸರು ಓದಿದಳು, ಮತ್ತೆ ಮೊದಲಿನಿಂದ ಓದಿದಳು. ಚಪ್ಪಲಿಯೊಳಗಿಂದ ಎಡಗಾಲನ್ನು ಹೊರಗೆ ತೆಗೆದು ತಣ್ಣನೆಯ ನೆಲದ ಮೇಲಿಟ್ಟಳು. ನನ್ನ ಹಾಳೆಯ ಮೇಲೆ ನೀರು ಬಿದ್ದು ‘ಅಣ್ಣಾ’ ಎಂಬ ಮಾತಿನ ಮಸಿ ಸ್ವಲ್ಪ ಹರಡಿತು.

ಹಂಚಿನಾಳ ಬಾಯಿ ಹತ್ತಿರ ಬಂದು ನಿಂತಳು. ಗೋದಾವರಿ ಸಾಲುಗಳ ಮೇಲೆ ಬೆರಳಾಡಿಸಿ ತೋರಿಸಿದಳು, ತನ್ನ ಕಾಲನ್ನು ತೋರಿಸಿದಳು. ಹಂಚಿನಾಳ ಬಾಯಿ ಪಕ್ಕದ ಬೆಂಚಿನ ಮೇಲೆ ಕೂತುಬಿಟ್ಟಳು. ಮೂವತ್ತೈದು ವರ್ಷ ಅವಳೂ ನಕ್ಕಿದ್ದಳು.

“ಇದು ನಮ್ಮವ್ವನ ಪತ್ರರಿ,” ಎಂದಳು ಗೋದಾವರಿ ಕಡೆಗೆ. “ನಮ್ಮ ಮಾವಗ ಬರದದ್ದು. ಎಂಬತ್ತಾರು ಅಂವಗ, ಇನ್ನೂ ಅದಾನ. ದಿನಾ ಒಂದ ಮಾತು ಅಂತಾನ, ‘ಒಂದು ಮಾತು ತಿಳಿಸಿದ್ರ ನಾ ಬರ್ತಿದ್ದೆ’ ಅಂತ. ಈಗ ಹ್ಯಾಂಗ ಓದಿ ಹೇಳ್ಲಿ? ತಿಳಿಸಿದ್ದಳು ಅಂತ ಹೇಳ್ಲೋ, ಮುಟ್ಟಲಿಲ್ಲ ಅಂತ ಹೇಳ್ಲೋ.”

ಹಂಚಿನಾಳ ಬಾಯಿ ಹಸಿಯಾದ ಹಾಳೆಯನ್ನು ಬಿಸಿಲಿಗೆ ತಿರುಗಿಸಿಟ್ಟಳು. ಮುಟ್ಟದ ಕಾಗದ ಮುದುಕನ ಕೈ ಸೇರಿದರೆ ಅವನಿಗೆ ಸಮಾಧಾನವೋ, ಇನ್ನೊಂದು ಬೆಂಕಿಯೋ.

ಮರುದಿನ ಗೋದಾವರಿ ಒಂದು ಪ್ಲಾಸ್ಟಿಕ್ ಚೀಲ ತಂದಳು. ಅದರಲ್ಲಿ ನಾಲ್ಕಾಗಿ ಮಡಿಸಿದ, ಹಳದಿಗಟ್ಟಿದ ಒಂದು ಅಚ್ಚಿನ ಹಾಳೆ. ತಾಯಿಯ ತಗಡಿನ ಪೆಟ್ಟಿಗೆಯ ತಳದಲ್ಲಿ, ಹಾಸಿದ ಕಾಗದದ ಕೆಳಗೆ ಸಿಕ್ಕದ್ದು. ಪೆಟ್ಟಿಗೆ ಬಿಟ್ಟರೆ ತಾಯಿಯದೆಂದು ಅವಳ ಬಳಿ ಉಳಿದಿದ್ದ ವಸ್ತು ಅದೊಂದೇ. ನನ್ನ ಇಪ್ಪತ್ಮೂರನೆಯ ವಾರ. ಐವತ್ತು ವರ್ಷದ ಮೇಲೆ ನನ್ನ ಮೈ ನನಗೆ ಸಿಕ್ಕಿತು.

ಹೊಲಿಗೆಯ ಕೈಯಲ್ಲವೇ, ಬ್ಲೇಡಿನಿಂದ ನಾಲ್ಕು ಹಾಳೆಗಳನ್ನು ನೂಲಿಗೆ ನೋವಾಗದಂತೆ ಬಿಡಿಸಿ ತನ್ನ ಚೀಲದಲ್ಲಿಟ್ಟುಕೊಂಡಳು. ಅಲ್ಲಿ ಅಚ್ಚಿನ ಹಾಳೆಯನ್ನು ಅಂಟಿಸಿದಳು. ಮಾಲಿನಿ ಈಗ ನನ್ನಲ್ಲೂ ಮೊಂಬತ್ತಿ ಹಿಡಿದು ಮಹಡಿ ಹತ್ತುತ್ತಾಳೆ, ಗಂಡ ಕೂತು ಅಳುತ್ತಿರುತ್ತಾನೆ. ನನ್ನಲ್ಲಿ ಈಗ ಒಂದೂ ತಪ್ಪಿಲ್ಲ. ದಾಯಾದಿಗಳಿಗೆ ಸರಿಸಮನಾಗಿದ್ದೇನೆ. ಆದರೆ ನಿಜ ಹೇಳಬೇಕೆಂದರೆ, ತಪ್ಪಿದ್ದಾಗ ನಾನು ಒಂದು ಜೀವವನ್ನು ಹೊತ್ತಿದ್ದೆ. ಈಗ ಬರಿಯ ಕಥೆ ಹೊತ್ತಿದ್ದೇನೆ. ಹಗುರಾದದ್ದಕ್ಕೆ ಸಂತೋಷಪಡಲು ನನ್ನಿಂದಾಗುತ್ತಿಲ್ಲ.

ಮೊನ್ನೆ ಕಾಲೇಜು ಹುಡುಗಿಯೊಬ್ಬಳು ಬಂದು ನನ್ನನ್ನು ಹಿಂದು ಮುಂದು ತಿರುವಿದಳು.

“ಕೂಸಿನ ಪುಸ್ತಕ ಇದ ಅಲ್ಲೇನ್ರಿ? ನಮ್ಮಜ್ಜಿ ಹೇಳಿದ್ಲು. ಕೂಸ ಎಲ್ಲಿ? ಕಾಣಸವಲ್ತು.”

ಹಂಚಿನಾಳ ಬಾಯಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡಳು.

“ಆ ಕೂಸು ಬಂದು ಅವ್ವನ್ನ ಕರಕೊಂಡು ಹೋತವಾ,” ಎಂದಳು.

ಹುಡುಗಿಗೆ ತಿಳಿಯಲಿಲ್ಲ. ಸಹಿ ಮಾಡಿ, ನನ್ನನ್ನು ಚೀಲದಲ್ಲಿ ಹಾಕಿಕೊಂಡು ಮನೆಗೆ ಹೋದಳು.